ಮಾಯ್‌ನ ಯಾರಾದ್ರೂ ಕೇಳಿದ್ರಾ?

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಕಾರವಾರದ ಹತ್ತಿರದ ಒಂದು ಕ್ಯಾಥೊಲಿಕ್ ಮನೆ. ತಾಯಿಗೆ 78, ಮಕ್ಕಳು ಕರೆಯುವುದು ‘ಮಾಯ್’ ಎಂದು. ಎರಡನೇ ಸಲ ಲಕ್ವ ಹೊಡೆದ ಮೇಲೆ ಮಾತು ನಿಂತಿದೆ. ಮೂಗಿನ ನಳಿಗೆಯಲ್ಲೇ ಗಂಜಿ. ಶ್ವಾಸಕೋಶವೂ ಸೋತಿದೆ. "ಇನ್ನೊಮ್ಮೆ ಉಸಿರು ಕಟ್ಟಿದರೆ ವೆಂಟಿಲೇಟರ್ ಬೇಕಾ ಬೇಡವಾ, ಈಗಲೇ ಯೋಚಿಸಿ. ಹಾಕಿದರೂ ಗುಣವಾಗುವ ಭರವಸೆ ಇಲ್ಲ" ಎಂದರು ಡಾಕ್ಟರ್. ಜಗಳ ಶುರುವಾದದ್ದು ಅಲ್ಲಿಂದ. ಸಲಹೆ ಕೇಳಿದ್ದು ನನ್ನನ್ನು.

ಮಗ ಬೇಡ ಎಂದ. ಎರಡು ವರ್ಷದಿಂದ ರಾತ್ರಿ ಸರಿಯಾಗಿ ಮಲಗದವನು ಅವನು. ದೊಡ್ಡ ಮಗಳು ಭಟ್ಕಳದ ಮುಸ್ಲಿಂ ಕುಟುಂಬದ ಸೊಸೆ. ಅವಳೂ ಅವಳ ಗಂಡನೂ ಬೇಕೇ ಬೇಕು ಎಂದರು. ಕಿರಿಯವಳು ಇಸ್ರೇಲಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾಳೆ. ಅವಳು ವಾಟ್ಸಾಪ್ ಕಾಲಿನಲ್ಲಿ ಬಂದಳು.

ಅಳಿಯ ಕುರಾನಿನ ಮಾತಿನಿಂದಲೇ ಶುರು ಮಾಡಿದರು: ಒಂದು ಜೀವ ಉಳಿಸಿದವರು ಇಡೀ ಮನುಕುಲವನ್ನೇ ಉಳಿಸಿದ ಹಾಗೆ. ಫೋನಿನಿಂದ ಕಿರಿಯವಳು, "ಭಾವ, ನಾನು ನೋಡಿಕೊಳ್ಳೋ ಅಜ್ಜನೂ ಇದನ್ನೇ ಹೇಳ್ತಾರೆ" ಎಂದಳು. ನಿಜ, ಯಹೂದಿಗಳ ಹಳೆಯ ಧರ್ಮಗ್ರಂಥ ಮಿಶ್ನಾದಲ್ಲೂ ಆ ಮಾತಿದೆ.

"ಹಾಗಾದ್ರೆ ನಾನೇ ಕೊಲೆಗಾರನಾ?" ಎಂದ ಮಗ.

ಗಂಟು ಇದ್ದದ್ದು ಇಲ್ಲೇ. ಕೊಲ್ಲುವುದನ್ನೂ ಹೋಗಲು ಬಿಡುವುದನ್ನೂ ಇವರು ಒಂದೇ ತಕ್ಕಡಿಯಲ್ಲಿ ತೂಗುತ್ತಿದ್ದರು. ಸೂಜಿ ಚುಚ್ಚಿ ಸಾಯಿಸುವುದನ್ನು ಮೂರು ಧರ್ಮಗಳೂ ಒಪ್ಪುವುದಿಲ್ಲ. ಹಾಗಂತ ಹೊರಟ ಜೀವವನ್ನು ಎಳೆದು ಕೂರಿಸಲೇಬೇಕು ಎಂದೂ ಹೇಳುವುದಿಲ್ಲ. ವಿಪರೀತ ಹೊರೆಯಾಗುವ ಅಸಾಮಾನ್ಯ ಚಿಕಿತ್ಸೆ ಕಡ್ಡಾಯವಲ್ಲ ಎಂದು ಪೋಪ್ ಹನ್ನೆರಡನೇ ಪಿಯುಸ್ 1957ರಲ್ಲೇ ಅರಿವಳಿಕೆ ವೈದ್ಯರಿಗೆ ಹೇಳಿದ್ದರು. ನನಗೆ ಜಾಸ್ತಿ ಹಿಡಿಸಿದ್ದು 16ನೇ ಶತಮಾನದ ಪೋಲೆಂಡಿನ ಯಹೂದಿ ಪಂಡಿತ ಮೋಸೆಸ್ ಇಸರ್ಲೆಸ್ ಕೊಟ್ಟ ಉದಾಹರಣೆ. ಪಕ್ಕದಲ್ಲಿ ಸೌದೆ ಒಡೆಯುವ ಸದ್ದಿಗೆ ಸಾಯುವವರ ಜೀವ ಹೋಗದೆ ತಡೆದಿದ್ದರೆ ಆ ಸದ್ದನ್ನು ನಿಲ್ಲಿಸಬಹುದು. ಆದರೆ ಬೇಗ ಹೋಗಲಿ ಎಂದು ತಲೆಯಡಿಯ ದಿಂಬು ಎಳೆಯಬಾರದು. ಇದನ್ನು ಹೇಳಿದಾಗ ಮಗ ಮೊದಲ ಸಲ ತಲೆ ಎತ್ತಿ ನೋಡಿದ.

ವ್ಯತ್ಯಾಸಗಳೂ ಇವೆ. ಇಸ್ರೇಲಿನ 2005ರ ಕಾನೂನಿನಲ್ಲಿ, ಕೊನೆಯ ಹಂತದ ರೋಗಿ ಬೇಡವೆಂದರೆ ವೆಂಟಿಲೇಟರ್ ಹಾಕದೆ ಇರಬಹುದು. ಓಡುತ್ತಿರುವುದನ್ನು ನಿಲ್ಲಿಸುವಂತಿಲ್ಲ. ಕ್ಯಾಥೊಲಿಕರು ಹಾಕದಿರುವುದು, ತೆಗೆಯುವುದು ಎಂದು ಅಷ್ಟು ಭೇದ ಮಾಡುವುದಿಲ್ಲ. ಮೆದುಳು ಪೂರ್ತಿ ನಿಂತವರ ಯಂತ್ರ ತೆಗೆಯಬಹುದು ಎಂದು ಮುಸ್ಲಿಂ ಧರ್ಮಶಾಸ್ತ್ರ ಪಂಡಿತರ ಸಂಸ್ಥೆಯಾದ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ 1986ರಲ್ಲಿ ಜೋರ್ಡಾನಿನ ಅಮ್ಮಾನ್‌ನಲ್ಲಿ ಹೇಳಿತ್ತು, ಆದರೆ ಈ ತಾಯಿಯ ಸ್ಥಿತಿ ಅದಲ್ಲ. ಹಾಗಾಗಿ ನಾನು ಹೇಳಿದ್ದು: ತೆಗೆಯುವ ಮಾತು ಬಂದರೆ ನೀವು ಮೂವರೂ ಮೂರು ದಿಕ್ಕು. ಹಾಕುವ ಮೊದಲೇ ಕೂತು ತೀರ್ಮಾನಿಸಿ.

ಆಮೇಲೆ ಕೇಳಿದೆ, "ಮಾಯ್‌ನ ಯಾರಾದ್ರೂ ಕೇಳಿದ್ರಾ?"

ಯಾರೂ ಕೇಳಿರಲಿಲ್ಲ. ಮಾತು ನಿಂತಿತ್ತೇ ಹೊರತು ಬುದ್ಧಿ ನಿಂತಿರಲಿಲ್ಲ. ಹೌದಾದರೆ ಎಡಗೈ ಒಮ್ಮೆ ಒತ್ತುತ್ತಿದ್ದರು, ಅಲ್ಲವಾದರೆ ಎರಡು ಸಲ. ಡಾಕ್ಟರ ಎದುರಿಗೇ ಕೇಳಿ, ಎರಡು ದಿನ ಬಿಟ್ಟು ಮತ್ತೆ ಕೇಳಿ ಎಂದೆ. ಎರಡೂ ದಿನ ವೆಂಟಿಲೇಟರ್ ಎಂದಾಗ ಎರಡು ಸಲ ಒತ್ತಿದರು. ಎರಡನೇ ದಿನ ಕೈ ಹಿಡಿದಿದ್ದವಳು ದೊಡ್ಡ ಮಗಳು.

ಡಾಕ್ಟರ್ ಹೇಳಿದ್ದನ್ನು ಚೀಟಿಯಲ್ಲಿ ಬರೆಸಿಕೊಂಡು ಪಾದ್ರಿಯವರನ್ನೂ ಮೌಲವಿಯವರನ್ನೂ ಕೇಳಲು ಕಳಿಸಿದೆ. ಧರ್ಮದ ತೀರ್ಪು ಕೊಡಲು ನಾನು ಯಾರು? ಇಬ್ಬರ ಉತ್ತರವೂ ಹತ್ತಿರ ಹತ್ತಿರ ಒಂದೇ: ಯಂತ್ರ ಕಡ್ಡಾಯವಲ್ಲ, ಗಂಜಿ ನೀರು ನಿಲ್ಲಿಸಬೇಡಿ. ಉಸಿರಾಟದ ಸಂಕಟ ತಗ್ಗಿಸುವ ಔಷಧಿ ಮುಂದುವರಿಯಿತು. ವಾರಕ್ಕೆ ಎರಡು ರಾತ್ರಿ ದೊಡ್ಡವಳು ಬಂದು ಮಲಗಬೇಕು, ಮಗ ನಿದ್ದೆ ಮಾಡಬೇಕು ಎಂದೂ ಹೇಳಿದ್ದೆ. ಇದಕ್ಕೆ ಮಾತ್ರ ಯಾರ ಅಪ್ಪಣೆಯೂ ಬೇಕಿರಲಿಲ್ಲ, ಅಲ್ವಾ?

ತಾಯಿ ಆರು ವಾರದ ನಂತರ ಮನೆಯಲ್ಲೇ ಹೋದರು. ದೊಡ್ಡವಳ ಸರದಿಯ ರಾತ್ರಿ. ಮರುವಾರ ಅವಳ ಫೋನ್ ಬಂತು. "ಆಕ್ಸಿಜನ್ ಮಾಸ್ಕ್ ತಳ್ಳಿದ್ರು ಮೇಡಂ. ಎರಡು ಸಲ ತಿರುಗಿ ಹಾಕಿದೆ. ಮೂರನೇ ಸಲ ಬಿಟ್ಟೆ. ತಪ್ಪಾ?"

ಫೋನಿನಲ್ಲಿ ಬೇಡ, ಬನ್ನಿ ಎಂದೆ. ಗುರುವಾರ ಬರುತ್ತಾಳೆ.