ಕತ್ತಿಗೆ ಯಾವ ಸ್ಟೀಲು?

ಪ್ರಶ್ನೆ: ಸಾರ್, ನಮ್ದು ತೀರ್ಥಹಳ್ಳಿ ಕಡೆ. ಅಂಗಡಿಯಿಂದ ಕಬ್ಬಿಣದ ಪಟ್ಟಿ ತಂದು ಚಾಕು ಮಾಡ್ದೆ, ಎಷ್ಟು ಮಸೆದ್ರೂ ಬಾಯಿ ನಿಲ್ತಿಲ್ಲ, ಏನ್ಮಾಡ್ಲಿ?

ಉತ್ತರ: ಅದು ಮೈಲ್ಡ್ ಸ್ಟೀಲ್ ಇರ್ಬೇಕು ಕಣ್ರೀ, ಕಾರ್ಬನ್ ಕಾಲು ಪರ್ಸೆಂಟೂ ಇರಲ್ಲ, ಹದ ಹಾಕಿದ್ರೂ (ಅಂದ್ರೆ ಕಾಯಿಸಿ ಅದ್ದಿದ್ರೂ) ಬಾಯಿ ನಿಲ್ಲೋಷ್ಟು ಗಟ್ಟಿ ಆಗಲ್ಲ. ಶಿವಮೊಗ್ಗದಲ್ಲಿ ಗುಜರಿ ಅಂಗಡೀಲೋ ಗ್ಯಾರೇಜಲ್ಲೋ ಲಾರಿ ಸ್ಪ್ರಿಂಗ್ ಪ್ಲೇಟ್ ಕೇಳಿ, ಅದ್ರಲ್ಲಿ 0.5ರಿಂದ 0.6 ಪರ್ಸೆಂಟ್ ಕಾರ್ಬನ್ ಇರುತ್ತೆ, ಮಲೆನಾಡಿನ ಕತ್ತಿಗೆ ನನ್ ಪ್ರಕಾರ ಅದೇ ಬೆಸ್ಟು. ತುಂಬಾ ಓಡಿರೋ ಪ್ಲೇಟಲ್ಲಿ ಕಣ್ಣಿಗೆ ಕಾಣದ ಬಿರುಕು ಇರಬಹುದು, ಅಂಥದ್ದು ಬೇಡ. ಹದ ಹೇಗೆ ಬರುತ್ತೆ ಅಂತ ತಿಳಿಯೋಕೆ ಮೊದ್ಲು ಒಂದು ಚೂರು ಕೆಂಪಗೆ ಕಾಯಿಸಿ ಎಣ್ಣೆಗದ್ದಿ ಸುತ್ತಿಗೇಲಿ ಮುರಿದು ನೋಡಿ, ಒಳಗೆ ನುಣ್ಣಗೆ ಬೂದು ಬಣ್ಣ ಇದ್ರೆ ಒಳ್ಳೇದು, ಸಕ್ಕರೆ ಹರಳಿನ ಥರ ಹೊಳೆದ್ರೆ ಜಾಸ್ತಿ ಕಾದಿದೆ ಅಂತರ್ಥ.

ಅರ (ಲೋಹ ಉಜ್ಜೋ ಫೈಲು) ಹಾಕೋಕೆ ಮುಂಚೆ ಕೆಂಪಗೆ ಕಾಯಿಸಿ ಬೂದೀಲಿ ಹೂತು ರಾತ್ರಿಯಿಡೀ ಬಿಡಿ, ಮೆತ್ತಗಾಗುತ್ತೆ. ಹದ ಹಾಕುವಾಗ ಅಯಸ್ಕಾಂತ ಹಿಡಿಯೋದು ನಿಂತ ಮೇಲೆ (ಸುಮಾರು 770 ಡಿಗ್ರಿ) ಇನ್ನೊಂಚೂರು ಕಾಯಿಸಿ ಬೆಚ್ಚಗಿನ ಎಣ್ಣೆಗೆ ಅದ್ದಿ, ನೀರಿಗೆ ಬೇಡ, ಸೀಳುತ್ತೆ. ಆಮೇಲೆ ಉಜ್ಜಿದಾಗ ಅರ ಕಚ್ಚದೆ ಜಾರಿದ್ರೆ ಹದ ಸರಿಯಾಗಿದೆ. ಹಾಗೇ ಬಿಡಬೇಡಿ ಮತ್ತೆ, ಗಾಜಿನ ಥರ ಒಡೆಯುತ್ತೆ, ಓವನ್‌ನಲ್ಲಿ 200 ಡಿಗ್ರೀಲಿ ಒಂದೊಂದು ಗಂಟೆ ಎರಡು ಸಲ ಇಡಿ. ಅಡಿಕೆ ಚೊಗರಿಗೆ (ಒಗರು ರಸಕ್ಕೆ) ಕಪ್ಪಾಗುತ್ತೆ, ಮಳೆಗಾಲದಲ್ಲಿ ತುಕ್ಕೂ ಹಿಡಿಯುತ್ತೆ, ಒರೆಸಿ ಕೊಬ್ಬರಿ ಎಣ್ಣೆ ಸವರಿಡಿ.