ಪಾಚಿಯ ಬೆಳವಣಿಗೆಯನ್ನು ಫೋಟೊದ ಬಣ್ಣದಿಂದ ಅಳೆಯಲು ಯಾವ ಮೊಬೈಲ್ ಕೊಳ್ಳಲಿ?

ಯಾವುದನ್ನೂ ಕೊಳ್ಳಬೇಡಿ. ವಿಜಯಪುರದ ಹಳೆಯ ಮೆಟ್ಟಿಲುಬಾವಿ ತಾಜ್ ಬಾವಡಿಯ ನೀರು ತಂದು, ದಿನವೂ ಫೋಟೊ ತೆಗೆದು, ಹಸಿರು ಎಷ್ಟು ಹೆಚ್ಚಿತೆಂದು ನೋಡುವ ಯೋಜನೆ ನಿಮ್ಮದು; ಅಲ್ಲೇ ಎಂ.ಎಸ್‌ಸಿ. ಓದುವಾಗ ನಾನು ಹೊರಟದ್ದೂ ಹೆಚ್ಚುಕಡಿಮೆ ಇದಕ್ಕೇ.

ದ್ರವ ಎಷ್ಟು ಬೆಳಕು ಹೀರುತ್ತದೆಂದು ಅಳೆಯುವ ವಿಭಾಗದ ಸ್ಪೆಕ್ಟ್ರೊಫೋಟೊಮೀಟರ್ ಕೆಟ್ಟಿದ್ದರಿಂದ, ಕಿಟಕಿಯ ಬಳಿ ಗಾಜಿನ ಬಾಟಲಿಗಳಲ್ಲಿ ಕ್ಲೋರೆಲ್ಲಾ ಎಂಬ ಹಸಿರು ಪಾಚಿ ಬೆಳೆಸಿ, ಹಿಂದೆ ಬಿಳಿ ಹಾಳೆ ನಿಲ್ಲಿಸಿ ಮೊಬೈಲಿನಿಂದ ಫೋಟೊ ತೆಗೆದು, ಇಮೇಜ್‌ಜೆ ಎಂಬ ಉಚಿತ ತಂತ್ರಾಂಶದಲ್ಲಿ ಬಣ್ಣದ ಸರಾಸರಿಗಳನ್ನು ಬರೆದುಕೊಳ್ಳುತ್ತಿದ್ದೆ. ಕೆಲವು ದಿನ ಅಂಕಿಗಳು ಸರಿಯಾಗಿಯೇ ಬದಲಾದವು, ಆಮೇಲೆ ಒಂದೇ ಮಟ್ಟದಲ್ಲಿ ನಿಂತವು. ಸಾರಜನಕ ಸಾಲದೆ ಬೆಳವಣಿಗೆ ನಿಂತಿದೆ ಎಂದು ತೀರ್ಮಾನಿಸಿ ಯೂರಿಯಾ ಹಾಕಿದೆ. ಚೆನ್ನಾಗಿ ಬೆಳೆಯುವ ಪಾಚಿ ನೀರಿನ ಪಿಎಚ್ ಅನ್ನು 9ರ ಮೇಲೇರಿಸಿ ನೀರನ್ನು ಕ್ಷಾರೀಯವಾಗಿಸಬಲ್ಲದು. ಅಂಥ ನೀರಿನಲ್ಲಿ ಯೂರಿಯಾ ಒಡೆದು ಬರುವ ಅಮೋನಿಯ ಪಾಚಿಗೇ ವಿಷ. ಬಾಟಲಿಗಳೆಲ್ಲ ಕೊಳೆತವು, ಸೆಮಿಸ್ಟರ್ ವ್ಯರ್ಥವಾಯಿತು.

ಬೆಳವಣಿಗೆ ನಿಂತಿರಲೇ ಇಲ್ಲ. ಕ್ಯಾಮೆರಾವನ್ನು ಆಟೊ ಮೋಡ್‌ನಲ್ಲಿ ಬಿಟ್ಟಿದ್ದೆ. ಚೌಕಟ್ಟಿನ ತುಂಬ ಹಸಿರು ಬಂದಂತೆಲ್ಲ ಬಣ್ಣವನ್ನು ತಾನಾಗಿ ತಿದ್ದುವ ಆಟೊ ವೈಟ್ ಬ್ಯಾಲೆನ್ಸ್ ಅದನ್ನು ಬೆಳಕಿನ ದೋಷವೆಂದು ಬಗೆದು ಚಿತ್ರಕ್ಕೆ ಗುಲಾಬಿ ಛಾಯೆ ಬೆರೆಸುತ್ತಿತ್ತು. ನೀರು ಕಪ್ಪಾದಂತೆಲ್ಲ ಆಟೊ ಎಕ್ಸ್‌ಪೋಷರ್ ಚಿತ್ರವನ್ನು ಬೆಳಗಿಸುತ್ತಿತ್ತು. ಪಾಚಿ ಎಷ್ಟು ಕೆಂಪು ಬೆಳಕನ್ನು ಹೀರುತ್ತಿತ್ತೋ ಹೆಚ್ಚುಕಡಿಮೆ ಅಷ್ಟನ್ನು ಕ್ಯಾಮೆರಾ ಮರಳಿ ತುಂಬುತ್ತಿದ್ದುದರಿಂದ ಅಂಕಿ ನಿಂತಂತೆ ಕಂಡಿತು. ಸಾಕ್ಷಿ ಆ ಫೋಟೊಗಳಲ್ಲೇ ಇತ್ತು: ಅಂಚಿನಲ್ಲಿ ಕಾಣುತ್ತಿದ್ದ ಬಿಳಿ ಹಾಳೆ ದಿನೇದಿನೇ ಗುಲಾಬಿಯಾಗುತ್ತಾ ಹೋಗಿತ್ತು, ನಾನು ಬಾಟಲಿಯನ್ನಷ್ಟೇ ಅಳೆಯುತ್ತಿದ್ದೆ. ದುಬಾರಿ ಮೊಬೈಲು ಇಂಥ ತಿದ್ದುಪಡಿಯನ್ನು ಇನ್ನೂ ಜಾಣತನದಿಂದ ಮಾಡುತ್ತದೆ, ಆದ್ದರಿಂದಲೇ ಬೇಡವೆಂದೆ.

ಇರುವ ಮೊಬೈಲಿನ ಪ್ರೊ ಮೋಡ್‌ನಲ್ಲಿ (ಎಲ್ಲವನ್ನೂ ನಾವೇ ಹೊಂದಿಸುವ ಮೋಡ್) ಐಎಸ್‌ಒ ಅಂದರೆ ಬೆಳಕಿನ ಸಂವೇದನೆ, ಷಟರ್, ವೈಟ್ ಬ್ಯಾಲೆನ್ಸ್ ಮೂರನ್ನೂ ಕಟ್ಟಿಹಾಕಿ. ಕಿಟಕಿಯ ಬಿಸಿಲು ಬೇಡ. ರಟ್ಟಿನ ಡಬ್ಬಿಯೊಳಗೆ ಒಂದು ಎಲ್ಇಡಿ ಬಲ್ಬು ಸಾಕು. ಪಾಚಿ ತಳಕ್ಕಿಳಿಯುವುದರಿಂದ ಮೊದಲು ಬಾಟಲಿ ಕುಲುಕಿ.

ಹಸಿರನ್ನು ಅಳೆಯುವ ನಿಮ್ಮ ವಿಚಾರವೂ ನನಗೆ ಒಪ್ಪಿಗೆಯಿಲ್ಲ. ಪತ್ರಹರಿತ್ತು ಹೀರುವುದು ಮುಖ್ಯವಾಗಿ 430 ಮತ್ತು 660 ನ್ಯಾನೊಮೀಟರ್ ಆಸುಪಾಸಿನ ನೀಲಿ, ಕೆಂಪು ಬೆಳಕನ್ನು. ಪಾಚಿ ಬೆಳೆದಂತೆ ಹಸಿರಿನ ಅಂಕಿ ಬದಲಾಗುವುದು ಕಡಿಮೆ, ಕೆಂಪಿನದು ಸ್ಪಷ್ಟವಾಗಿ ಇಳಿಯುತ್ತದೆ. ಆ ಅಂಕಿಯನ್ನೂ ನೇರವಾಗಿ ಬಳಸಬೇಡಿ. ಸಾಮಾನ್ಯ ಜೆಪೆಗ್ ಚಿತ್ರದಲ್ಲಿ ಗರಿಷ್ಠ 255ಕ್ಕೆ 128 ಎಂದರೆ ಅರ್ಧ ಬೆಳಕಲ್ಲ, ಶೇ. 22ರಷ್ಟು ಮಾತ್ರ. ಮೊದಲು ಅದನ್ನು ನಿಜವಾದ ಬೆಳಕಿನ ಪ್ರಮಾಣಕ್ಕೆ ತಿರುಗಿಸಿ, ಅದೇ ಚಿತ್ರದ ಬಿಳಿ ಹಾಳೆಯ ಮೌಲ್ಯದಿಂದ ಭಾಗಿಸಿ, ಲಾಗರಿದಮ್ ತೆಗೆದುಕೊಳ್ಳಿ. ಬಾಟಲಿಯ ನೀರು ತೀರ ದಟ್ಟವಾದರೆ ಬೇರೆ ನೀರು ಬೆರೆಸಿ ತೆಳುಗೊಳಿಸಿಯೇ ಅಳೆಯಿರಿ.

ಬಾವಡಿಯ ಮೆಟ್ಟಿಲ ಮೇಲೆ ನಿಂತು ಫೋಟೊ ತೆಗೆಯುವ ಆಸೆಯಿದ್ದರೆ ಬಿಡಿ. 1620ರ ಆ ಕಮಾನು ಚೆಂದ ಬರುತ್ತದೆ, ಅಳತೆ ಬರುವುದಿಲ್ಲ; ನೀರಿನಲ್ಲಿ ಆಕಾಶದ ಪ್ರತಿಬಿಂಬವಿರುತ್ತದೆ, ಕೆಸರೂ ಬೆಳಕನ್ನು ತಡೆಯುತ್ತದೆ.

ಕೊನೆಗೂ ಬಣ್ಣ ಹೇಳುವುದು ಪತ್ರಹರಿತ್ತಿನ ವಿಷಯವನ್ನಷ್ಟೇ. ಸಾರಜನಕ ನಿಜವಾಗಿ ಸಾಲದಾದಾಗ ಕೋಶಗಳು ಪೇಲವವಾದರೂ ತೂಕ ಏರುತ್ತಿರಬಹುದು. ಹಾಗಾಗಿ ಕೆಲವು ಮಾದರಿಗಳನ್ನಾದರೂ ಸೋಸಿ, 105 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಣಗಿಸಿ ತೂಗಿ, ಫೋಟೊದ ಅಂಕಿಯೊಂದಿಗೆ ಗ್ರಾಫ್ ಹಾಕಿ. ಮೊಬೈಲಿಗೆಂದು ತೆಗೆದಿಟ್ಟ ಹಣದಲ್ಲಿ ಫಿಲ್ಟರ್ ಪೇಪರ್ ತನ್ನಿ.