12ಝಡ್ ತರಿಸಲೋ ಇಶಿಕಾವಾ ತರಿಸಲೋ? ಸದ್ಯಕ್ಕೆ ಎರಡೂ ಬೇಡ್ರಿ

ಬಾಗಲಕೋಟೆಯವರು, ಬೆಳಗಾವಿಯಲ್ಲಿ ಪಿಎಚ್‌ಡಿಗೆ ಸೇರಿದ್ದೀರಿ. ಎಂಡೊಮೆಟ್ರಿಯೋಸಿಸ್‌ಗೆ (ಗರ್ಭಕೋಶದ ಒಳಪದರದಂಥ ಅಂಗಾಂಶ ಗರ್ಭಕೋಶದ ಹೊರಗೆ ಗಂಟಾಗಿ ಬೆಳೆಯುವ ರೋಗ) ಜೀವಕೋಶದ ಮಟ್ಟದ ಕಾರಣ ಹುಡುಕಲು 12ಝಡ್, ಇಶಿಕಾವಾಗಳಲ್ಲಿ ಯಾವ ಸೆಲ್ ಲೈನ್ (ಲ್ಯಾಬಿನಲ್ಲಿ ಬಿಡದೆ ಬೆಳೆಸುವ ಕೋಶಗಳ ತಳಿ) ಕೊಳ್ಳಬೇಕು, ಇಲ್ಲವೇ ಗೈಡ್ ಹೇಳಿದಂತೆ ಇಲಿಯಲ್ಲೇ ಮಾಡಬೇಕೇ ಎಂದು ಕೇಳಿದ್ದೀರಿ. ನಾನೂ ಈ ಕೆಲಸಕ್ಕೆ ಇಳಿದದ್ದು ಇದೇ ಪ್ರಶ್ನೆ ಹಿಡಿದುಕೊಂಡು. ಪ್ರಶ್ನೆಯೇ ತಲೆಕೆಳಗಾಗಿದೆ. ಮೊದಲು ಅಂಗಾಂಶ ಯಾರದು, ತಿಂಗಳ ಯಾವ ಹಂತದ್ದು ಎಂದು ಗೊತ್ತುಮಾಡಿಕೊಳ್ಳಿ. ಸೆಲ್ ಲೈನ್ ಆಮೇಲಿನ ಮಾತು.

ಇಶಿಕಾವಾ ಗರ್ಭಕೋಶದ ಒಳಪದರದ ಕ್ಯಾನ್ಸರ್‌ನಿಂದ ಬಂದದ್ದು. 12ಝಡ್ ನಿಜವಾದ ರೋಗಗಂಟಿನಿಂದಲೇ ಬಂದದ್ದು, ಆದರೆ ಅದನ್ನು ಸಾಯದಂತೆ ಮಾಡಲು ಎಸ್‌ವಿ40 ವೈರಸ್ಸಿನ ಟಿ ಆಂಟಿಜೆನ್ ಸೇರಿಸಿದ್ದಾರೆ. ಅದು ಕೋಶದ ಬೆಳವಣಿಗೆಗೆ ಕಡಿವಾಣ ಹಾಕುವ ಪಿ53 ಮತ್ತು ಆರ್‌ಬಿ ಪ್ರೋಟೀನುಗಳನ್ನು ಹಿಡಿದು ಕೂರುತ್ತದೆ. ಸಾಯಬೇಕಾದ ಜಾಗದಲ್ಲಿ ಈ ಕೋಶ ಯಾಕೆ ಬದುಕುತ್ತದೆ ಎಂಬುದು ನಿಮ್ಮ ಪ್ರಶ್ನೆಯಾದರೆ, ಉತ್ತರವನ್ನು ನೀವೇ ಮೊದಲು ಒಳಗೆ ತುಂಬಿಟ್ಟಂತಾಯಿತು. 2012ರಲ್ಲಿ ಡಿಎನ್‌ಎ ಗುರುತು ಪರೀಕ್ಷೆ ಮಾಡಿದಾಗ, ಸಹಜ ಎಂಡೊಮೆಟ್ರಿಯಂ (ಗರ್ಭಕೋಶದ ಒಳಪದರ) ಎಂದು ಹಲವು ಲ್ಯಾಬುಗಳು ಬಳಸುತ್ತಿದ್ದ ಒಂದು ಲೈನ್ ಸ್ತನ ಕ್ಯಾನ್ಸರ್‌ನ ಎಂಸಿಎಫ್-7 ಎಂದೂ ಇನ್ನೊಂದು ಗರ್ಭಕಂಠದ ಕ್ಯಾನ್ಸರ್‌ನ ಹೀಲಾ ಎಂದೂ ಬಯಲಾಯಿತು. ಮುಂದೆ ಯಾವ ಲೈನ್ ತಂದರೂ ಎಸ್‌ಟಿಆರ್ ಪ್ರೊಫೈಲ್ (ಅದೇ ಡಿಎನ್‌ಎ ಗುರುತು ಪರೀಕ್ಷೆ) ಇಲ್ಲದೆ ಇನ್‌ಕ್ಯುಬೇಟರ್ ಬಾಗಿಲು ತೆಗೆಯಬೇಡಿ.

"ಕಾರಣ" ಎಂಬ ದೊಡ್ಡ ಮಾತನ್ನೂ ಸ್ವಲ್ಪ ಚಿಕ್ಕದು ಮಾಡಿಕೊಳ್ಳಿ. ಮುಟ್ಟಿನ ರಕ್ತ ಹಿಮ್ಮುಖವಾಗಿ ನಳಿಕೆಗಳ ಮೂಲಕ ಹೊಟ್ಟೆಗೆ ಇಳಿದು ಕೋಶಗಳು ಅಲ್ಲಿ ನೆಲೆಯೂರುತ್ತವೆ ಎಂದು ಅಮೆರಿಕದ ವೈದ್ಯ ಸ್ಯಾಂಪ್ಸನ್ 1927ರಲ್ಲೇ ಬರೆದ. ನಳಿಕೆ ತೆರೆದಿರುವ ಹೆಂಗಸರಲ್ಲಿ ನೂರರಲ್ಲಿ ಸುಮಾರು 90 ಜನರಿಗೆ ಹೀಗೆ ರಕ್ತ ಇಳಿಯುತ್ತದೆ, ರೋಗ ಬರುವುದು ಹೆಚ್ಚೆಂದರೆ ಹತ್ತರಲ್ಲಿ ಒಬ್ಬರಿಗೆ. ಹಾಗಾದರೆ ಆ ಒಬ್ಬರ ಕೋಶದಲ್ಲಿ ಬೇರೇನಿದೆ? ಒಂದು ಗಟ್ಟಿ ಹಿಡಿ ಸಿಕ್ಕಿದೆ: ಅದು ಪ್ರೊಜೆಸ್ಟೆರಾನ್ ಮಾತು ಕೇಳುವುದಿಲ್ಲ. ಆರೋಗ್ಯವಂತ ಸ್ಟ್ರೋಮಲ್ ಕೋಶ (ಒಳಪದರದಲ್ಲಿ ಗ್ರಂಥಿಗಳ ನಡುವೆ ತುಂಬಿರುವ ಕೋಶ) ಪ್ರೊಜೆಸ್ಟೆರಾನ್ ತಾಕಿದ ಕೆಲವು ದಿನಗಳಲ್ಲಿ ನೆನೆಸಿದ ಕಾಳಿನಂತೆ ಉಬ್ಬಿ, ಪ್ರೊಲ್ಯಾಕ್ಟಿನ್ ಮತ್ತು ಐಜಿಎಫ್‌ಬಿಪಿ-1 ಎಂಬ ಪ್ರೋಟೀನುಗಳನ್ನು ಸುರಿಸುತ್ತದೆ. ಇದೇ ಡೆಸಿಡುವಲೈಸೇಶನ್. ರೋಗಗಂಟಿನ ಕೋಶದಲ್ಲಿ ಪಿಆರ್-ಬಿ (ಪ್ರೊಜೆಸ್ಟೆರಾನ್ ರಿಸೆಪ್ಟರ್‌ನ ಒಂದು ರೂಪ) ಕಡಿಮೆ. ಇಎಸ್‌ಆರ್2 ವಂಶವಾಹಿಯ ಪ್ರೊಮೋಟರ್ (ವಂಶವಾಹಿಯನ್ನು ಚಾಲೂ ಮಾಡುವ ಭಾಗ) ಮೇಲಿನ, ಅದನ್ನು ಅಡಗಿಸಿಡುವ ಮೀಥೈಲ್ ಗುರುತು ಕಳಚಿರುವುದರಿಂದ ಈಸ್ಟ್ರೊಜೆನ್ ರಿಸೆಪ್ಟರ್ ಬೀಟಾ ವಿಪರೀತ. ಸಾಲದ್ದಕ್ಕೆ ಅರೋಮಟೇಸ್ ಕಿಣ್ವ ಕೂಡ ಇದೆ, ತನಗೆ ಬೇಕಾದ ಈಸ್ಟ್ರೊಜೆನ್ ತಾನೇ ಮಾಡಿಕೊಳ್ಳುತ್ತದೆ. ಆ ಈಸ್ಟ್ರೊಜೆನ್ ಕಾಕ್ಸ್-2 ಕಿಣ್ವ ಏರಿಸುತ್ತದೆ, ಅದರಿಂದ ಬಂದ ಪ್ರೊಸ್ಟಗ್ಲಾಂಡಿನ್ ಇ2 ಮತ್ತೆ ಅರೋಮಟೇಸ್ ಏರಿಸುತ್ತದೆ. ಈ ಸುತ್ತಿನ ಒಂದು ಕೊಂಡಿ ಹಿಡಿಯಿರಿ, ಒಂದು ಪಿಎಚ್‌ಡಿಗೆ ಸಾಕು.

ಅಂಗಾಂಶಕ್ಕೆ ಪೈಪೆಲ್ ಬಯಾಪ್ಸಿ (ಸಣ್ಣ ಕೊಳವೆಯಿಂದ ಗರ್ಭಕೋಶದ ಒಳಪದರದ ಚೂರು ಎಳೆದುಕೊಳ್ಳುವುದು) ಸಾಕು. ಹಾರ್ಮೋನ್ ಮಾತ್ರೆ, ಅದರಲ್ಲೂ ಡಯನೋಜೆಸ್ಟ್, ಮೂರು ತಿಂಗಳಿಂದ ನುಂಗದವರನ್ನೇ ಆರಿಸಿ. ಈ ಪ್ರಯೋಗಕ್ಕೆ ಆ ತಿಂಗಳ ಮುಟ್ಟು ಮುಗಿದ ನಂತರದ ಪ್ರೊಲಿಫರೇಟಿವ್ ಹಂತ (ಒಳಪದರ ಮತ್ತೆ ಬೆಳೆಯುವ ಹಂತ) ಬೇಕು, ದೇಹದೊಳಗೇ ಪ್ರೊಜೆಸ್ಟೆರಾನ್ ಕಂಡ ಕೋಶ ಬೇಡ. ಕಂಟ್ರೋಲ್ ಆಗಿ (ಹೋಲಿಕೆಗೆ ಈ ರೋಗವಿಲ್ಲದವರ ಅಂಗಾಂಶ) ಫೈಬ್ರಾಯ್ಡ್‌ಗೆಂದು ತೆಗೆದ ಗರ್ಭಕೋಶ ಸುಲಭವಾಗಿ ಸಿಗುತ್ತದೆ, ಆದರೆ ಫೈಬ್ರಾಯ್ಡ್ ತಾನೇ ಒಳಪದರವನ್ನು ಬದಲಿಸುತ್ತದೆ. ನನ್ನನ್ನು ಕೇಳಿದರೆ ಲ್ಯಾಪರೊಸ್ಕೋಪಿಯಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವವರೇ ಮೇಲು: ಕ್ಯಾಮೆರಾದಲ್ಲಿ ಹೊಟ್ಟೆ ನೋಡಿ ರೋಗವಿಲ್ಲವೆಂದು ಖಾತ್ರಿ ಮಾಡಿಕೊಳ್ಳಬಹುದು.

ತುಂಡನ್ನು 1 ಮಿ.ಮೀ. ಗಾತ್ರಕ್ಕೆ ಕೊಚ್ಚಿ, ಮಿ.ಲೀ.ಗೆ 1 ಮಿ.ಗ್ರಾಂ ಕೊಲಾಜಿನೇಸ್ (ಅಂಗಾಂಶದ ಬೆಸುಗೆ ಬಿಡಿಸುವ ಕಿಣ್ವ) ಜೊತೆ 37 ಡಿಗ್ರಿಯಲ್ಲಿ 45ರಿಂದ 60 ನಿಮಿಷ ಇಡಿ, ಆಗಾಗ ಅಲುಗಾಡಿಸಿ. ಡಿಎನ್‌ಏಸ್ ಬಿಡಬೇಡಿ; ಸತ್ತ ಕೋಶಗಳ ಡಿಎನ್‌ಎ ಅಂಟಂಟಾಗಿ ಜಾಲರಿ ಕಟ್ಟಿಬಿಡುತ್ತದೆ. 40 ಮೈಕ್ರಾನ್ ಜಾಲರಿಯಲ್ಲಿ ಸೋಸಿದರೆ ಗ್ರಂಥಿಗಳು ಮೇಲೆ, ಸ್ಟ್ರೋಮಾ ಕೆಳಗೆ. ಮೇಲುಳಿದದ್ದನ್ನು ಚೆಲ್ಲಬೇಡಿ, ಆರ್ಗನಾಯ್ಡ್ (ಗ್ರಂಥಿಯಂತೆ ಬೆಳೆಯುವ ಪುಟ್ಟ ಉಂಡೆ) ಬೆಳೆಸಲು ಅದೇ ಬಂಡವಾಳ. ಫ್ಲಾಸ್ಕಿಗೆ ಹಾಕಿದ ಒಂದೆರಡು ಗಂಟೆಗೆ ತೊಳೆದರೆ ಅಂಟಿಕೊಳ್ಳದ ರಕ್ತಕಣಗಳು ಹೋಗುತ್ತವೆ. ಉಳಿದದ್ದು ಸ್ಟ್ರೋಮಾವೇ ಎಂಬ ಖಾತ್ರಿಗೆ ವಿಮೆಂಟಿನ್ ಮತ್ತು ಸಿಡಿ10 ಇರಬೇಕು, ಸೈಟೊಕೆರಾಟಿನ್ (ಗ್ರಂಥಿಕೋಶದ ಗುರುತು) ಮತ್ತು ಸಿಡಿ45 (ಬಿಳಿರಕ್ತಕಣದ ಗುರುತು) ಇರಬಾರದು.

ಈಗ ಮುಖ್ಯ ಮಾತು. ವರ್ಷಗಟ್ಟಲೆ ಕೆಲಸ ಮಣ್ಣುಪಾಲಾಗುವುದು ಮೀಡಿಯಂ (ಕೋಶ ಬೆಳೆಸುವ ಪೋಷಕ ದ್ರವ) ಬಾಟಲಿಯಲ್ಲಿ. ಫ್ರಿಜ್‌ನಲ್ಲಿರುವ ಮಾಮೂಲಿ ಡಿಎಂಇಎಂ ಕೆಂಪಗಿರುವುದು ಫಿನಾಲ್ ರೆಡ್‌ನಿಂದ. ಅದರಲ್ಲಿರುವ ಕಲ್ಮಶ ಈಸ್ಟ್ರೊಜೆನ್‌ನಂತೆ ಕೆಲಸ ಮಾಡುತ್ತದೆ. ಅದಕ್ಕೆ ಬೆರೆಸುವ ದನದ ಭ್ರೂಣದ ಸೀರಂ, ಅಂದರೆ ಮಾಮೂಲಿ ಎಫ್‌ಬಿಎಸ್‌ನಲ್ಲಂತೂ ಸ್ಟಿರಾಯ್ಡ್‌ಗಳು ಇದ್ದೇ ಇರುತ್ತವೆ, ಲಾಟ್‌ನಿಂದ ಲಾಟ್‌ಗೆ ಪ್ರಮಾಣವೂ ಬೇರೆ. ರೋಗಿಯ ಕೋಶ ತಾನೇ ಈಸ್ಟ್ರೊಜೆನ್ ಮಾಡುತ್ತದೆಯೇ ಎಂದು ನೀವು ನೋಡಹೊರಟಿದ್ದೀರಿ, ಆದರೆ ಎರಡೂ ಗುಂಪಿಗೆ ನೀವೇ ಈಸ್ಟ್ರೊಜೆನ್ ಕುಡಿಸುತ್ತಿದ್ದೀರಿ. ವ್ಯತ್ಯಾಸ ಕಾಣುವುದಿಲ್ಲ. ಅಥವಾ ನಡುವೆ ಸೀರಂ ಲಾಟ್ ಬದಲಾಗಿ ಇಲ್ಲದ ವ್ಯತ್ಯಾಸ ಕಾಣುತ್ತದೆ. ಇದು ಇನ್ನೂ ಕೆಟ್ಟದ್ದು, ಯಾಕೆಂದರೆ ಅದು ಪೇಪರ್ ಆಗಿಬಿಡುತ್ತದೆ. ಹಾಗಾಗಿ ಫಿನಾಲ್ ರೆಡ್ ಇಲ್ಲದ ಡಿಎಂಇಎಂ/ಎಫ್12, ಚಾರ್ಕೋಲ್-ಡೆಕ್ಸ್‌ಟ್ರಾನ್ ಹಾಯಿಸಿ ಸ್ಟಿರಾಯ್ಡ್ ತೆಗೆದ ಸೀರಂ. ಚಾರ್ಕೋಲ್ ಕೆಲವು ಬೆಳವಣಿಗೆಯ ಅಂಶಗಳನ್ನೂ ಎಳೆದುಕೊಳ್ಳುವುದರಿಂದ ಕೋಶಗಳು ಸೊರಗುತ್ತವೆ. ಬೆಳೆಸುವಾಗ ಮಾಮೂಲಿ ಸೀರಂ ಇರಲಿ. ಪ್ರಯೋಗಕ್ಕೆ 24ರಿಂದ 48 ಗಂಟೆ ಮೊದಲು ಬದಲಿಸಿ. ಇಡೀ ಅಧ್ಯಯನಕ್ಕೆ ಒಂದೇ ಲಾಟ್ ಒಟ್ಟಿಗೆ ತರಿಸಿ ಹಂಚಿಟ್ಟುಕೊಳ್ಳಿ. ದುಡ್ಡು ಜಾಸ್ತಿಯಾಗುತ್ತದೆ ಎಂದು ಗೈಡ್ ಗೊಣಗಿದರೂ ಇದೊಂದು ಬಿಟ್ಟುಕೊಡಬೇಡಿ.

ಬದಲಿಸಿದ ಮೇಲೆ ಕೋಶಗಳನ್ನು ಡೆಸಿಡುವಲೈಸ್ ಮಾಡಲು ಶೇ. 2 ಸೀರಂ ಇರುವ ಮೀಡಿಯಂನಲ್ಲಿ 0.5 ಮಿಲಿಮೋಲಾರ್ 8-ಬ್ರೋಮೊ-ಸೈಕ್ಲಿಕ್ ಎಎಂಪಿ ಮತ್ತು 1 ಮೈಕ್ರೊಮೋಲಾರ್ ಎಂಪಿಎ (ಪ್ರೊಜೆಸ್ಟೆರಾನ್‌ನಂಥ ಕೃತಕ ಹಾರ್ಮೋನ್) ಹಾಕಿ, 48 ಗಂಟೆಗೊಮ್ಮೆ ಹೊಸದು, 2, 4, 6ನೇ ದಿನ ಮೇಲಿನ ದ್ರವ ತೆಗೆದಿಡಿ. ಔಷಧ ಕರಗಿಸಿದ ಎಥೆನಾಲ್ ಅಷ್ಟೇ ಪ್ರಮಾಣದಲ್ಲಿ ಕಂಟ್ರೋಲ್ ಬಾವಿಗೂ (ಕಲ್ಚರ್ ತಟ್ಟೆಯ ಗುಂಡಿ) ಹೋಗಬೇಕು. ಆ ದ್ರವದಲ್ಲಿ ಪ್ರೊಲ್ಯಾಕ್ಟಿನ್, ಐಜಿಎಫ್‌ಬಿಪಿ-1 ಅಳೆದ ಎಲೈಸಾ ಪರೀಕ್ಷೆಯ ಅಂಕಿಯನ್ನು ಬಾವಿಯಲ್ಲಿನ ಡಿಎನ್‌ಎ ಪ್ರಮಾಣದಿಂದ ಭಾಗಿಸಿ. ಇಲ್ಲದಿದ್ದರೆ ನೀವು ಅಳೆದದ್ದು ಕೋಶಗಳ ಸಂಖ್ಯೆಯನ್ನೇ. ನಾಲ್ಕನೇ ಪ್ಯಾಸೇಜ್ (ಹೊಸ ಫ್ಲಾಸ್ಕಿಗೆ ಬಿಡಿಸಿ ಹಾಕುವ ಸುತ್ತು) ದಾಟಿದ ಕೋಶ ಈ ಪ್ರಯೋಗಕ್ಕೆ ಬೇಡ.

ಲ್ಯಾಬಿನ ಮಾಮೂಲಿ ಇಲಿಗೆ ಸಹಜವಾಗಿ ಮುಟ್ಟಾಗುವುದಿಲ್ಲ. ಗರ್ಭಕೋಶದ ತುಂಡನ್ನು ಹೊಲಿದು ಗಂಟು ಬೆಳೆಸಬಹುದು, ಔಷಧ ಪರೀಕ್ಷೆಗೆ ಅದು ಸರಿ. ರೋಗ ಹೇಗೆ ಶುರುವಾಯಿತು ಎಂದು ಅದರಲ್ಲಿ ಹುಡುಕುವುದು ನನಗೆ ಒಪ್ಪಿಗೆಯಿಲ್ಲ. ಬಯಾಪ್ಸಿ ಸಿಗದಿದ್ದರೆ ಮುಟ್ಟಿನ ರಕ್ತ ಸಂಗ್ರಹಿಸಿ. ರೋಗಿಗಳ ಮುಟ್ಟಿನ ರಕ್ತದಿಂದ ಬೆಳೆಸಿದ ಸ್ಟ್ರೋಮಲ್ ಕೋಶಗಳೂ ಸರಿಯಾಗಿ ಡೆಸಿಡುವಲೈಸ್ ಆಗುವುದಿಲ್ಲ ಎಂದು ಅಮೆರಿಕದ ಒಂದು ತಂಡ 2018ರಲ್ಲಿ ತೋರಿಸಿದೆ. ಮುಟ್ಟಿನ ಕಪ್‌ನಲ್ಲಿ ಹಿಡಿದುಕೊಟ್ಟರೆ ಸಾಕು, ಸೂಜಿಯಿಲ್ಲ, ಥಿಯೇಟರ್ ಇಲ್ಲ.

ಬಾಗಲಕೋಟೆ, ವಿಜಯಪುರದಿಂದ ಮಾದರಿ ತರಿಸುವುದಾದರೆ ಆಂಟಿಬಯಾಟಿಕ್ ಬೆರೆಸಿದ ಮೀಡಿಯಂನಲ್ಲಿ, ಐಸ್ ಪೆಟ್ಟಿಗೆಯಲ್ಲಿ, ಅದೇ ದಿನ ಬೆಳಗಾವಿ ಮುಟ್ಟಬೇಕು. ಏಪ್ರಿಲ್ ಬಿಸಿಲಲ್ಲಿ ಬಸ್ಸಿನ ಡಿಕ್ಕಿಗೆ ಹಾಕಿ ಕಳಿಸಬೇಡಿ, ಯಾರಾದರೂ ಕೈಯಲ್ಲೇ ಹಿಡಿದು ತರಲಿ. ಹೆಪ್ಪುಗಟ್ಟಿದ ತುಂಡಿನಿಂದ ಜೀವಂತ ಕೋಶ ಬರುವುದಿಲ್ಲ, ಆದ್ದರಿಂದ ಟ್ಯೂಬ್ ನೇರವಾಗಿ ಐಸ್ ಪ್ಯಾಕ್‌ಗೆ ತಾಗದಂತೆ ನಡುವೆ ಬಟ್ಟೆ ಇಡಿ. ಎಥಿಕ್ಸ್ ಕಮಿಟಿಗೆ ಒಪ್ಪಿಗೆ ಪತ್ರ ಕೊಡುವಾಗ ಕನ್ನಡದ ಜೊತೆ ಮರಾಠಿ ಪ್ರತಿಯನ್ನೂ ಮೊದಲ ಸಲವೇ ಲಗತ್ತಿಸಿ.